ಹಳೆಯ ಕಟ್ಟಡ, ಹೊಸ ಯಂತ್ರ: ವಿಶ್ವವಿದ್ಯಾಲಯದ ಬಳಕೆಯಾಗದ ಜಾಗದಲ್ಲಿ ರೋಬೋಟಿಕ್ಸ್ ಪ್ರಯೋಗಾಲಯ

ರೋಬೋಟಿಕ್ಸ್ ಜಾಗ ಬೇಡುವ ವಿದ್ಯೆ. ಕಂಪ್ಯೂಟರ್ ವಿಜ್ಞಾನದ ಬಹುಪಾಲು ಕೆಲಸ ಒಂದು ಮೇಜು, ಒಂದು ಕುರ್ಚಿ, ಒಂದು ಪರದೆ ಇದ್ದರೆ ನಡೆದುಹೋಗುತ್ತದೆ. ರೋಬೋಟ್ ನಡೆಯಬೇಕು, ತಿರುಗಬೇಕು, ಹಾರಬೇಕು, ಎಡವಿ ಬೀಳಬೇಕು. ಅದು ಬಿದ್ದಾಗ ಸುತ್ತ ನಿಂತವರಿಗೆ ಪೆಟ್ಟಾಗಬಾರದು. ಯಂತ್ರದ ಚಲನೆಯನ್ನು ಮೊದಲು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವ ವಿಧಾನಗಳು ಇಂದು ಬಹಳ ಬೆಳೆದಿವೆ. ಆದರೂ ಉಕ್ಕಿನ ಬೆರಳಿಗೂ ಗಾಜಿನ ಲೋಟಕ್ಕೂ ನಡುವಿನ ಘರ್ಷಣೆ, ಚಕ್ರದ ಅಡಿಯಲ್ಲಿ ಜಾರುವ ನೆಲ, ಕಿಟಕಿಯಿಂದ ನೇರವಾಗಿ ಕ್ಯಾಮೆರಾಕ್ಕೆ ಬೀಳುವ ಬಿಸಿಲು, ಇವುಗಳ ಮುಂದೆ ಲೆಕ್ಕಾಚಾರ ಇಂದಿಗೂ ತಪ್ಪುತ್ತದೆ. ಹಾಗಾಗಿ ಯಾವ ಯಂತ್ರ ಕೊಳ್ಳಬೇಕು ಎಂಬುದಕ್ಕಿಂತ ಮೊದಲೇ ಅದನ್ನು ಎಲ್ಲಿ ಓಡಾಡಿಸಬೇಕು ಎಂಬ ಪ್ರಶ್ನೆ ವಿಶ್ವವಿದ್ಯಾಲಯದ ಎದುರು ಬಂದು ನಿಲ್ಲುತ್ತದೆ.

ಹಣವಿದ್ದವರು ಹೊಸದಾಗಿ ಕಟ್ಟುತ್ತಾರೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ 2021ರಲ್ಲಿ ತೆರೆದ ಫೋರ್ಡ್ ರೋಬೋಟಿಕ್ಸ್ ಕಟ್ಟಡ ನಾಲ್ಕು ಅಂತಸ್ತಿನದು, 1,34,000 ಚದರ ಅಡಿಯದು; ಅದಕ್ಕೆ ತಗಲಿದ ವೆಚ್ಚ 7.5 ಕೋಟಿ ಡಾಲರ್. ಇದು ಎಲ್ಲರಿಗೂ ಎಟುಕುವ ದಾರಿಯಲ್ಲ. ಆದರೆ ಈ ವಿದ್ಯೆಯ ಚರಿತ್ರೆಯನ್ನು ತಿರುವಿ ನೋಡಿದರೆ, ಅದರ ಮುಖ್ಯ ಸಾಧನೆಗಳಲ್ಲಿ ಹಲವು ನಡೆದದ್ದು ಬೇರೆ ಯಾವುದೋ ಉದ್ದೇಶಕ್ಕೆ ಕಟ್ಟಿ, ಆಮೇಲೆ ಬೇಡವಾದ ಕಟ್ಟಡಗಳಲ್ಲಿ. ಅಗ್ಗವಾಗಿ ಸಿಕ್ಕಿತು ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಯಾರಿಗೂ ಬೇಡದ ಕಟ್ಟಡದಲ್ಲಿ ಗೋಡೆಗೆ ತೂತು ಕೊರೆದರೆ, ನೆಲವನ್ನು ಅಗೆದರೆ, ಚಾವಣಿಗೆ ಕಂಬಿ ಬಿಗಿದರೆ ಯಾರೂ ಅಡ್ಡ ಬರುವುದಿಲ್ಲ. ರೋಬೋಟ್ ಸಂಶೋಧನೆಗೆ ಆ ಸ್ವಾತಂತ್ರ್ಯ ಎತ್ತರದ ಚಾವಣಿಯಷ್ಟೇ ಅಗತ್ಯ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆ ಪ್ರಯೋಗಾಲಯ ಇದಕ್ಕೆ ಒಳ್ಳೆಯ ನಿದರ್ಶನ. ಅಮೆರಿಕದ ಟೆಲಿಫೋನ್ ಕಂಪನಿ ಜಿಟಿಇ, ಕ್ಯಾಂಪಸ್ಸಿನಿಂದ ಸುಮಾರು ಐದು ಮೈಲಿ ದೂರದ ಗುಡ್ಡದ ಮೇಲೆ ತನ್ನ ಸಂಶೋಧನೆಗೆಂದು ಅರ್ಧಚಂದ್ರಾಕಾರದ ಕಟ್ಟಡವೊಂದನ್ನು ಕಟ್ಟಲು ಹೊರಟು ನಡುವೆಯೇ ಕೈಬಿಟ್ಟಿತು. ಕಂಪನಿಯ ಅಧ್ಯಕ್ಷರ ಹೆಸರು ಹೊತ್ತ ಆ ಡಿ.ಸಿ. ಪವರ್ ಕಟ್ಟಡ ಪೂರ್ತಿಯಾಗದ ಸ್ಥಿತಿಯಲ್ಲೇ ವಿಶ್ವವಿದ್ಯಾಲಯದ ಕೈಗೆ ಬಂತು. ಅಷ್ಟು ದೂರದ ಅರೆಬರೆ ಕಟ್ಟಡಕ್ಕೆ ಹೋಗಲು ಬೇರೆ ವಿಭಾಗಗಳಿಗೆ ಮನಸ್ಸಿರಲಿಲ್ಲ. 1966ರಲ್ಲಿ ಜಾನ್ ಮೆಕಾರ್ಥಿ ತಮ್ಮ ಬಳಗವನ್ನು ಅಲ್ಲಿಗೆ ಸಾಗಿಸಿದರು. ದಿನದಿನದ ಆಡಳಿತವನ್ನು ಲೆಸ್ ಅರ್ನೆಸ್ಟ್ ನೋಡಿಕೊಂಡರು. ಮುಂದಿನ ಹದಿನಾಲ್ಕು ವರ್ಷಗಳಲ್ಲಿ ಅಲ್ಲಿ ನಡೆದ ಕೆಲಸ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. 1969ರಲ್ಲಿ ವಿಕ್ಟರ್ ಶೈನ್‌ಮನ್ ರೂಪಿಸಿದ ವಿದ್ಯುತ್ ಚಾಲಿತ ತೋಳು, ಕಂಪ್ಯೂಟರಿನ ಹಿಡಿತದಲ್ಲಿ ಆರು ಬಗೆಯಾಗಿ ತಿರುಗಬಲ್ಲ ತೋಳುಗಳ ಪೈಕಿ ಮೊದಲ ಸಾಲಿನದು. ಇಂದಿನ ಕಾರ್ಖಾನೆಗಳ ರೋಬೋಟ್ ತೋಳುಗಳ ವಂಶಾವಳಿಯಲ್ಲಿ ಅದಕ್ಕೆ ಹಿರಿಯ ಸ್ಥಾನವಿದೆ.

ಅದೇ ಕಟ್ಟಡದಲ್ಲಿ 'ಸ್ಟ್ಯಾನ್‌ಫರ್ಡ್ ಕಾರ್ಟ್' ಎಂಬ ನಾಲ್ಕು ಚಕ್ರದ ಗಾಡಿಯೂ ಇತ್ತು. ಚಂದ್ರನ ಮೇಲಿನ ವಾಹನವನ್ನು ಭೂಮಿಯಿಂದ ನಡೆಸಲು ಸಾಧ್ಯವೇ ಎಂದು ಪರೀಕ್ಷಿಸಲು 1960ರ ದಶಕದ ಆರಂಭದಲ್ಲಿ ಕಟ್ಟಿದ್ದ ಆ ಗಾಡಿಗೆ ಹ್ಯಾನ್ಸ್ ಮೊರಾವೆಕ್ ಎಂಬ ವಿದ್ಯಾರ್ಥಿ ನೋಡಿ ದಾರಿ ಹುಡುಕುವುದನ್ನು ಕಲಿಸಿದ. ಗಾಡಿಯ ಮೇಲಿನ ಕ್ಯಾಮೆರಾ ಒಂದು ಹಳಿಯ ಮೇಲೆ ಅತ್ತಿತ್ತ ಸರಿದು ಒಂಬತ್ತು ಚಿತ್ರ ತೆಗೆಯುತ್ತಿತ್ತು. ಅವನ್ನು ಹೋಲಿಸಿ ಎದುರಿನ ವಸ್ತುಗಳ ದೂರವನ್ನು ಕಂಪ್ಯೂಟರ್ ಲೆಕ್ಕ ಹಾಕಿದ ಮೇಲೆ ಗಾಡಿ ಒಂದು ಮೀಟರ್ ಮುಂದೆ ಹೋಗಿ ಮತ್ತೆ ನಿಲ್ಲುತ್ತಿತ್ತು. ಒಂದೊಂದು ಹೆಜ್ಜೆಗೂ ಹತ್ತರಿಂದ ಹದಿನೈದು ನಿಮಿಷ. 1979ರಲ್ಲಿ ಅದು ಕುರ್ಚಿಗಳನ್ನು ಹರಡಿದ್ದ 20 ಮೀಟರ್ ಉದ್ದದ ಕೋಣೆಯನ್ನು ಯಾರ ನೆರವೂ ಇಲ್ಲದೆ ದಾಟಿತು. ಹಿಡಿದ ಸಮಯ ಸುಮಾರು ಐದು ಗಂಟೆ. ಐದು ಗಂಟೆ ಕಾಲ ಯಾರೂ ಓಡಾಡದ, ಯಾರೂ ಕುರ್ಚಿ ಎಳೆಯದ 20 ಮೀಟರ್ ಜಾಗ ತರಗತಿಗಳ ನಡುವಿನ ಕಟ್ಟಡದಲ್ಲಿ ಸಿಗುವುದು ಕಷ್ಟ. ಗುಡ್ಡದ ಮೇಲಿನ ರಸ್ತೆಯಲ್ಲಿ ರೋಬೋಟ್ ವಾಹನವಿದೆ, ಎಚ್ಚರಿಕೆ ಎಂದು ಬರೆದ ಹಳದಿ ಫಲಕವೇ ಇತ್ತು. ಇಂಥ ಫಲಕ ನೆಡುವ ಸಲುಗೆ ಸಿಕ್ಕಿದ್ದೇ ಆ ಬಳಗದ ಭಾಗ್ಯ.

ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ 20ನೇ ಸಂಖ್ಯೆಯ ಕಟ್ಟಡದ ಕಥೆಯೂ ಇದೇ ಜಾಡಿನದು, ರೋಬೋಟಿಗೆ ಸೀಮಿತವಾದದ್ದಲ್ಲದಿದ್ದರೂ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ರೇಡಾರ್ ಸಂಶೋಧನೆಗೆಂದು ಅವಸರದಲ್ಲಿ ಎದ್ದ ಮೂರು ಅಂತಸ್ತಿನ ಮರದ ಕಟ್ಟಡ ಅದು. ಯುದ್ಧ ಮುಗಿದ ಆರು ತಿಂಗಳಲ್ಲಿ ಕೆಡವುವ ಷರತ್ತಿನ ಮೇಲೆ ಅದಕ್ಕೆ ಒಪ್ಪಿಗೆ ಸಿಕ್ಕಿತ್ತು. ಕೆಡವಿದ್ದು 1998ರಲ್ಲಿ. ನಡುವಿನ ಐವತ್ತೈದು ವರ್ಷ ಅಲ್ಲಿನ ಸಂಶೋಧಕರು ತಂತಿ ಎಳೆಯಬೇಕಾದಾಗ ಗೋಡೆ ತೂತು ಮಾಡಿದರು, ಕೋಣೆ ದೊಡ್ಡದಾಗಬೇಕಾದಾಗ ಗೋಡೆಯನ್ನೇ ತೆಗೆದರು. ಭೌತವಿಜ್ಞಾನಿ ಜೆರಾಲ್ಡ್ ಜಕರಾಯಸ್ ತಮ್ಮ ಪರಮಾಣು ಗಡಿಯಾರದ ಎತ್ತರದ ಉಪಕರಣಕ್ಕೆ ಜಾಗ ಮಾಡಲು ಮೇಲಿನ ಎರಡು ಅಂತಸ್ತುಗಳ ನೆಲವನ್ನು ಒಡೆಸಿದ್ದರು. ಅದೇ ನಿವೇಶನದಲ್ಲಿ 2004ರಲ್ಲಿ ಎದ್ದು ನಿಂತದ್ದು ಫ್ರಾಂಕ್ ಗೆರಿ ವಿನ್ಯಾಸದ ಸ್ಟಾಟಾ ಸೆಂಟರ್. ಸಂಸ್ಥೆಯ ರೋಬೋಟ್ ಸಂಶೋಧನೆಯ ದೊಡ್ಡ ಪಾಲು ಇಂದು ಅಲ್ಲಿದೆ.

ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಕ್ಯಾಂಪಸ್ಸಿನ ಆಚೆಗೂ ಕಣ್ಣು ಹಾಯಿಸಿತು. ಆಂಧ್ರದ ಚಿತ್ತೂರು ಸೀಮೆಯಲ್ಲಿ ಹುಟ್ಟಿ, ಸ್ಟ್ಯಾನ್‌ಫರ್ಡ್‌ನಲ್ಲಿ ಮೆಕಾರ್ಥಿಯವರ ಶಿಷ್ಯರಾಗಿದ್ದ ರಾಜ್ ರೆಡ್ಡಿ 1979ರಲ್ಲಿ ಅಲ್ಲಿನ ರೋಬೋಟಿಕ್ಸ್ ಇನ್‌ಸ್ಟಿಟ್ಯೂಟ್‌ನ ಮೊದಲ ನಿರ್ದೇಶಕರಾದರು. ಮುಂದಿನ ದಶಕದಲ್ಲಿ ಉಕ್ಕಿನ ಉದ್ಯಮ ಕುಸಿದು ನಗರದ ತುಂಬ ದೊಡ್ಡ ಶೆಡ್‌ಗಳು ಖಾಲಿ ಬಿದ್ದವು. ಹೊಲದಲ್ಲಿ, ಗಣಿಯಲ್ಲಿ ದುಡಿಯುವ ಭಾರಿ ರೋಬೋಟ್‌ಗಳನ್ನು ಕಟ್ಟುವ ಇನ್‌ಸ್ಟಿಟ್ಯೂಟಿನ ಶಾಖೆ 1990ರ ದಶಕದಲ್ಲಿ ಲಾರೆನ್ಸ್‌ವಿಲ್ ಬಡಾವಣೆಯ ಹಳೆಯ ಎರಕದ ಕಾರ್ಖಾನೆಯೊಂದರಲ್ಲಿ ನೆಲೆಯೂರಿತು. ಟ್ರ್ಯಾಕ್ಟರನ್ನೇ ಒಳಗೆ ಓಡಿಸಿಕೊಂಡು ಬರಬಹುದಾದ ಬಾಗಿಲು, ಭಾರ ಹೊತ್ತು ರೂಢಿಯಾದ ನೆಲ ಎರಕದ ಶೆಡ್ಡಿಗೆ ಸಹಜ. 2019ರಲ್ಲಿ ವಿಶ್ವವಿದ್ಯಾಲಯ ಹೇಜಲ್‌ವುಡ್‌ನ 'ಮಿಲ್ 19' ಎಂಬ ಹಳೆಯ ಉಕ್ಕಿನ ಗಿರಣಿಯಲ್ಲಿ ಬಾಡಿಗೆಗೆ ಸೇರಿತು. ಅಲ್ಲಿ ಅನುಸರಿಸಿದ ಕ್ರಮ ಗಮನಿಸಬೇಕಾದದ್ದು. ಕಾಲು ಮೈಲಿ ಉದ್ದದ ಗಿರಣಿಯ ತುಕ್ಕು ಹಿಡಿದ ಉಕ್ಕಿನ ಚೌಕಟ್ಟನ್ನು ಹಾಗೇ ಉಳಿಸಿ, ಅದರ ಮಾಡಿಗೆ ಸೌರಫಲಕ ಹೊದಿಸಿ, ಆ ಚೌಕಟ್ಟಿನ ಒಳಗೆ ಹೊಸ ಕಟ್ಟಡವನ್ನು ಬೇರೆಯಾಗಿ ಕಟ್ಟಲಾಯಿತು. ಹಳೆಯ ಕಂಬಗಳ ಮೇಲೆ ಹೊಸ ಭಾರ ಬೀಳಲಿಲ್ಲ.

ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ 2010ರಲ್ಲಿ ಡ್ಯೂಪಾಂಟ್ ಕಂಪನಿಯ 23 ಎಕರೆಯ ನಿವೇಶನವನ್ನು ಕೊಂಡಿತು. ಬಣ್ಣದ ರಾಸಾಯನಿಕಗಳ ಸಂಶೋಧನೆ ನಡೆಯುತ್ತಿದ್ದ ಅಲ್ಲಿನ ಮೂರಂತಸ್ತಿನ ಕಟ್ಟಡ 2016ರಲ್ಲಿ 'ಪೆನೊವೇಶನ್ ಸೆಂಟರ್' ಆಗಿ ತೆರೆಯಿತು. ರುಜೆನಾ ಬಾಯ್‌ಚಿ 1979ರಲ್ಲಿ ಆರಂಭಿಸಿದ್ದ ರೋಬೋಟ್ ಪ್ರಯೋಗಾಲಯದ ಒಂದು ಭಾಗಕ್ಕೆ ಅಲ್ಲಿ ನೆಲೆ ಸಿಕ್ಕಿತು.

ಇವುಗಳಲ್ಲಿ ಹೆಚ್ಚಿನವು ಹೊರಗಿನಿಂದ ಬಂದ ಕಟ್ಟಡಗಳು. ವಿಶ್ವವಿದ್ಯಾಲಯ ತನ್ನದೇ ಅಂಗಳದ ಕಟ್ಟಡವನ್ನು ಮಾರ್ಪಡಿಸಿದ ಸ್ಪಷ್ಟ ಉದಾಹರಣೆ ಟೆಕ್ಸಸ್ ರಾಜ್ಯದ ಆಸ್ಟಿನ್‌ನಲ್ಲಿದೆ. ಅಲ್ಲಿ 1931ರಲ್ಲಿ ಕಟ್ಟಿದ ಮಹಿಳೆಯರ ವ್ಯಾಯಾಮಶಾಲೆಯೊಂದಿದೆ. ಹುಡುಗಿಯರ ದೈಹಿಕ ಶಿಕ್ಷಣವನ್ನು ಹಲವು ದಶಕ ನಡೆಸಿದ ಆನಾ ಹಿಸ್ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಹೊಸ ಕ್ರೀಡಾ ಸೌಕರ್ಯಗಳು ಬಂದ ಮೇಲೆ ಹಿಂದೆ ಸರಿದಿದ್ದ ಈ ಕಟ್ಟಡವನ್ನು ನವೀಕರಿಸಿ 2021ರಲ್ಲಿ ವಿಶ್ವವಿದ್ಯಾಲಯದ ರೋಬೋಟಿಕ್ಸ್ ಕೇಂದ್ರವನ್ನಾಗಿ ತೆರೆಯಲಾಯಿತು. ಆಗ ಆಸ್ಟಿನ್‌ನಲ್ಲೇ ಕೇಂದ್ರಕಚೇರಿ ಹೊಂದಿದ್ದ ಅಮೆರಿಕ ಸೇನೆಯ ಫ್ಯೂಚರ್ಸ್ ಕಮಾಂಡ್ ಇದರಲ್ಲಿ ಪಾಲುದಾರನಾಗಿತ್ತು. ಕಂಪ್ಯೂಟರ್ ವಿಜ್ಞಾನ, ಮೆಕ್ಯಾನಿಕಲ್, ಏರೋಸ್ಪೇಸ್, ಎಲೆಕ್ಟ್ರಿಕಲ್ ವಿಭಾಗಗಳಲ್ಲಿ ಚದುರಿಹೋಗಿದ್ದ ರೋಬೋಟ್ ತಂಡಗಳು ಒಂದೇ ಸೂರಿನಡಿ ಬಂದವು. ಆಟದ ಮನೆಯ ಆಯ್ಕೆಯಲ್ಲಿ ಜಾಣತನವಿದೆ. ಚೆಂಡು ಎಸೆಯಲು ಬೇಕಾದ ಎತ್ತರ, ಓಡಲು ಬೇಕಾದ ಕಂಬವಿಲ್ಲದ ಹರವು, ಇವೆರಡೂ ರೋಬೋಟಿಗೂ ಬೇಕಾದವೇ. 2024ರ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ತೆರೆದ ಹೊಸ ರೋಬೋಟಿಕ್ಸ್ ಕೇಂದ್ರವೂ ಹೊಸ ಕಟ್ಟಡ ಬೇಡಲಿಲ್ಲ. ಎಲೆಕ್ಟ್ರಿಕಲ್ ವಿಭಾಗದ ಪ್ಯಾಕರ್ಡ್ ಕಟ್ಟಡದ ನೆಲಮಾಳಿಗೆಯಲ್ಲೇ ಅದು ನೆಲೆಗೊಂಡಿದೆ.

ಕನ್ನಡ ನಾಡಿಗೆ ಇಂಥ ಮಾರ್ಪಾಟು ಅಪರಿಚಿತವಲ್ಲ. ಭಾರತದ ಮೊದಲ ಉಪಗ್ರಹ 'ಆರ್ಯಭಟ' ರೂಪುಗೊಂಡದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಸಾಧಾರಣ ಶೆಡ್‌ಗಳಲ್ಲಿ. ಉಡುಪಿಯ ಯು.ಆರ್. ರಾವ್ ಅವರ ನೇತೃತ್ವದ ತಂಡ ಆ ಶೆಡ್‌ಗಳ ಒಳಗೆ ದೂಳಿಲ್ಲದ ಕೋಣೆಯನ್ನೂ ಪರೀಕ್ಷಾ ವ್ಯವಸ್ಥೆಯನ್ನೂ ಅಳವಡಿಸಿಕೊಂಡು ಕೆಲಸ ಮಾಡಿತು. ಉಪಗ್ರಹ ಕಕ್ಷೆ ಸೇರಿದ್ದು 1975ರ ಏಪ್ರಿಲ್ 19ರಂದು. ಕಟ್ಟಡಕ್ಕೆ ಕಾದು ಕುಳಿತಿದ್ದರೆ ಆ ದಿನ ಇನ್ನೂ ಎಷ್ಟು ಮುಂದಕ್ಕೆ ಹೋಗುತ್ತಿತ್ತೋ.

ಮಾರ್ಪಾಟಿನ ಮೊದಲ ಹೆಜ್ಜೆ, ಯಾವ ಜಾಗ ನಿಜವಾಗಿ ಖಾಲಿಯಿದೆ ಎಂದು ಅಳೆಯುವುದು. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೊಂದು ಸರಳ ಸೂತ್ರ ರೂಢಿಯಲ್ಲಿದೆ. ಕೋಣೆ ಎಷ್ಟು ಹೊತ್ತು ಬಳಕೆಯಲ್ಲಿತ್ತು ಎಂಬ ಪ್ರಮಾಣವನ್ನು, ಬಳಕೆಯಲ್ಲಿದ್ದಾಗ ಎಷ್ಟು ಆಸನ ತುಂಬಿದ್ದವು ಎಂಬ ಪ್ರಮಾಣದಿಂದ ಗುಣಿಸಬೇಕು. ಅರ್ಧ ಹೊತ್ತು ತೆರೆದಿದ್ದು, ತೆರೆದಾಗ ಅರ್ಧ ತುಂಬುವ ಸಭಾಂಗಣದ ನಿಜವಾದ ಬಳಕೆ ನೂರಕ್ಕೆ ಇಪ್ಪತ್ತೈದು. ವೇಳಾಪಟ್ಟಿಯಲ್ಲಿ ಭರ್ತಿಯಾಗಿ ಕಾಣುವ ಕೋಣೆ ಹೀಗೆ ಅಳೆದಾಗ ಬೇರೆಯೇ ಲೆಕ್ಕ ಕೊಡುತ್ತದೆ. ಕಾಗದದ ಮೇಲಿನ ವೇಳಾಪಟ್ಟಿಯನ್ನು ನಂಬದೆ, ವಾರವಿಡೀ ಗಂಟೆಗೊಮ್ಮೆ ಬಾಗಿಲಲ್ಲಿ ನಿಂತು ತಲೆ ಎಣಿಸುವುದೇ ಸರಿಯಾದ ವಿಧಾನ. ವಿಭಾಗಗಳು ತಮ್ಮ ಕೋಣೆಯ ಬೀಗದ ಕೈಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಎದುರಿಗೆ ಅಂಕಿಯಿದ್ದರೆ ಮಾತುಕತೆ ಮುಂದೆ ಸಾಗುತ್ತದೆ.

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೀಗೆ ಹುಡುಕಿದರೆ ಮೂರು ಬಗೆಯ ಜಾಗ ಮೊದಲು ಕಣ್ಣಿಗೆ ಬೀಳಬೇಕು. ಒಂದು, ಡ್ರಾಯಿಂಗ್ ಹಾಲ್. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಕೈಪಿಡಿ ತರಗತಿ ಕೋಣೆಗೆ 66 ಚದರ ಮೀಟರ್ ಕೇಳಿದರೆ ಡ್ರಾಯಿಂಗ್ ಹಾಲಿಗೆ ಅದರ ಎರಡರಷ್ಟು, 132 ಚದರ ಮೀಟರ್ ಕೇಳುತ್ತಿತ್ತು. ಮೊದಲ ವರ್ಷದ ಡ್ರಾಯಿಂಗ್ ಪಾಠ ಕಂಪ್ಯೂಟರಿಗೆ ವರ್ಗವಾದ ಮೇಲೆ ಆ ಎತ್ತರದ ಸ್ಟೂಲುಗಳೂ ಓರೆ ಮೇಜುಗಳೂ ಎಷ್ಟೋ ಕಡೆ ಪರೀಕ್ಷೆಯ ದಿನಗಳಲ್ಲಿ ಮಾತ್ರ ದೂಳು ಒರೆಸಿಕೊಳ್ಳುತ್ತವೆ. ಎರಡು, ವರ್ಕ್‌ಶಾಪ್. ಕಮ್ಮಾರಿಕೆ, ಎರಕ, ಬಡಗಿ, ಫಿಟ್ಟಿಂಗ್ ವಿಭಾಗಗಳಿಗೆಂದು ಕಟ್ಟಿದ, ಟ್ರಸ್ ಮಾಡಿನ ಆ ಉದ್ದನೆಯ ಶೆಡ್ಡಿನಲ್ಲಿ ಕುಲುಮೆ ಹೊತ್ತಿಸುವುದು ಈಗ ಅಪರೂಪ. ಪರಿಷತ್ತಿನ ಲೆಕ್ಕದಲ್ಲಿ ಅದಕ್ಕೆ 200 ಚದರ ಮೀಟರ್. ಮೂರನೆಯದು ಗ್ರಂಥಾಲಯದ ಕಪಾಟಿನ ಕೋಣೆ; ಹಳೆಯ ನಿಯತಕಾಲಿಕಗಳು ಕಂಪ್ಯೂಟರಿನಲ್ಲೇ ಸಿಗುವಂತಾದ ಮೇಲೆ ಅರ್ಧಕ್ಕರ್ಧ ತೆರವಾಗಬಹುದಾದ ಜಾಗ.

ಈ ಮೂರನೆಯದಕ್ಕೆ ಎಂಜಿನಿಯರರ ಕಣ್ಣಿನಲ್ಲಿ ವಿಶೇಷ ಬೆಲೆಯಿದೆ. ಭಾರತೀಯ ಮಾನಕ 875ರ ಎರಡನೇ ಭಾಗದ ಪ್ರಕಾರ ತರಗತಿಯ ನೆಲ ಪ್ರತಿ ಚದರ ಮೀಟರಿಗೆ 3 ಕಿಲೊನ್ಯೂಟನ್, ಅಂದರೆ ಸುಮಾರು 300 ಕಿಲೊ ತೂಕದಷ್ಟು ಭಾರ ತಾಳುವಂತಿರಬೇಕು. ಪುಸ್ತಕದ ಕಪಾಟುಗಳ ಕೋಣೆಗೆ ಕನಿಷ್ಠ 6. ಕಪಾಟಿನ ಎತ್ತರ 2.2 ಮೀಟರ್ ದಾಟಿದರೆ ಇನ್ನೂ ಹೆಚ್ಚು. ಪುಸ್ತಕಗಳಿಗೆಂದು ಗಟ್ಟಿ ಮಾಡಿದ ನೆಲ ಉಕ್ಕಿನ ಮೇಜುಗಳನ್ನೂ ತೋಳುಗಳನ್ನೂ ನಿರಾಯಾಸವಾಗಿ ಹೊರುತ್ತದೆ. ಅಂಥ ಕೋಣೆಗಳ ಚಾವಣಿ ತಗ್ಗು, ಕಂಬಗಳು ಒತ್ತೊತ್ತು. ಹಾಗಾಗಿ ಡ್ರೋನ್ ಹಾರಿಸಲು ಒಗ್ಗುವುದಿಲ್ಲ. ಮೇಜಿನ ಮೇಲಿನ ತೋಳು, ಬೆರಳು, ಹಿಡಿತದ ಸಂಶೋಧನೆಗೆ ಧಾರಾಳ ಸಾಕು.

ಒಂದು ಜಾಗ ಯಾವ ಬಗೆಯ ರೋಬೋಟಿಗೆ ಸರಿ ಎಂಬುದು ಎತ್ತರದಿಂದಲೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಜ್ಯೂರಿಕ್‌ನ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ರಫೆಲ್ಲೊ ಡಿ'ಆಂಡ್ರಿಯಾ ಅವರ ತಂಡ ಡ್ರೋನ್‌ಗಳಿಗೆಂದು ಸಜ್ಜುಗೊಳಿಸಿದ ಅಂಗಳ ಉದ್ದ, ಅಗಲ, ಎತ್ತರ ಮೂರರಲ್ಲೂ 10 ಮೀಟರಿನದು. ಸುತ್ತ ಬಲೆ, ಕೆಳಗೆ ಮೆತ್ತನೆಯ ಹಾಸು. ಕಾಲೇಜಿನ ತರಗತಿಯ ಮೂರೂವರೆ ಮೀಟರ್ ಚಾವಣಿಯ ಕೆಳಗೆ ಅಂಗೈಯಗಲದ ಪುಟ್ಟ ಡ್ರೋನ್‌ಗಳನ್ನಷ್ಟೇ ಹಾರಿಸಬಹುದು. ಚಾವಣಿಗೂ ನೆಲಕ್ಕೂ ಹತ್ತಿರ ಹಾರುವಾಗ ರೆಕ್ಕೆಗಳ ಗಾಳಿ ತಿರುಗಿ ಬಡಿದು ಹಾರಾಟವನ್ನು ಕೆಡಿಸುತ್ತದೆ. ವರ್ಕ್‌ಶಾಪಿನ ಟ್ರಸ್ ಮಾಡು, ಒಳಾಂಗಣ ಬ್ಯಾಡ್ಮಿಂಟನ್ ಅಂಕಣ, ಹಳೆಯ ಸಭಾಂಗಣ ಇವೇ ಡ್ರೋನಿಗೆ ಯೋಗ್ಯ. ನೆಲದ ಮೇಲೆ ಓಡುವ ರೋಬೋಟಿಗೆ ಎತ್ತರಕ್ಕಿಂತ ಹರವು ಮುಖ್ಯ. ರೋಬೋಟ್‌ಗಳ ಫುಟ್‌ಬಾಲ್ ಸ್ಪರ್ಧೆಯಾದ ರೋಬೋಕಪ್‌ನಲ್ಲಿ 'ನಾವೊ' ಎಂಬ ಎರಡಡಿ ಎತ್ತರದ ಗೊಂಬೆಗಳು ಆಡುತ್ತಿದ್ದ ಮೈದಾನ 9 ಮೀಟರ್ ಉದ್ದ, 6 ಮೀಟರ್ ಅಗಲ. ಸುತ್ತಲಿನ ಅಂಚು ಸೇರಿದರೆ ಇನ್ನಷ್ಟು. 66 ಚದರ ಮೀಟರಿನ ತರಗತಿಯಲ್ಲಿ ಅದು ಹಿಡಿಸುವುದಿಲ್ಲ. ಡ್ರಾಯಿಂಗ್ ಹಾಲಿನಲ್ಲಿ, ನಡುವೆ ಕಂಬವಿಲ್ಲದಿದ್ದರೆ, ಮೈದಾನವೂ ಹಾಸಬಹುದು, ವಿದ್ಯಾರ್ಥಿಗಳ ಮೇಜುಗಳಿಗೂ ಅಂಚಿನಲ್ಲಿ ಜಾಗ ಉಳಿಯುತ್ತದೆ.

ಭಾರದ ವಿಷಯದಲ್ಲಿ ನಿಂತ ತೂಕವನ್ನಷ್ಟೇ ಲೆಕ್ಕ ಹಾಕಿದರೆ ಸಾಲದು. ಸಂಶೋಧನಾಲಯಗಳಲ್ಲಿ ಹೆಚ್ಚಾಗಿ ಕಾಣುವ ಡೆನ್ಮಾರ್ಕಿನ 'ಯುಆರ್5' ತೋಳಿನ ತೂಕ 18.4 ಕಿಲೊ, ಅದನ್ನು ಸಾಧಾರಣ ಮೇಜಿಗೇ ಬಿಗಿಯಬಹುದು. ಕಾರು ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ತೋಳು ಒಂದು ಟನ್ ಮೀರುತ್ತದೆ, ಹಠಾತ್ತನೆ ನಿಂತಾಗ ಬುಡವನ್ನು ಕೀಳುವಂತೆ ತಿರುಚುತ್ತದೆ. ಅಂಥದ್ದನ್ನು ನೆಲಮಹಡಿಯಲ್ಲಿ, ಪ್ರತ್ಯೇಕವಾಗಿ ಹಾಕಿದ ಕಾಂಕ್ರೀಟ್ ದಿಂಡಿನ ಮೇಲೆ ಮಾತ್ರ ನಿಲ್ಲಿಸಬೇಕು. ಹಳೆಯ ಕಟ್ಟಡದ ನಕ್ಷೆ ಸಿಗದಿದ್ದಾಗ ಕಾಂಕ್ರೀಟಿನ ಗಟ್ಟಿತನವನ್ನು ಸುತ್ತಿಗೆ ಪರೀಕ್ಷೆಯಿಂದಲೂ ಶಬ್ದತರಂಗದ ಪರೀಕ್ಷೆಯಿಂದಲೂ ಅಂದಾಜು ಮಾಡಿ, ಅನುಮಾನವಿದ್ದಲ್ಲಿ ಒಂದು ತುಂಡು ಕೊರೆದು ತೆಗೆದು ಪರೀಕ್ಷಿಸುತ್ತಾರೆ. ಈ ಖರ್ಚನ್ನು ಉಳಿಸಲು ಹೋಗಬಾರದು.

ಬಾಗಿಲು ಸಣ್ಣ ವಿಷಯವೆನಿಸಿದರೂ ಅಲ್ಲ. ಮೂರಡಿ ಬಾಗಿಲಿನಲ್ಲಿ ಯಂತ್ರದ ಪೆಟ್ಟಿಗೆ ಒಳಗೆ ಹೋಗದೆ ವರಾಂಡದಲ್ಲಿ ಮಳೆಗೆ ನೆನೆಯುವ ಪಾಡು ಬರಬಾರದೆಂದರೆ ಜೋಡಿ ಬಾಗಿಲು ಮೊದಲೇ ಕೂಡಿಸಬೇಕು. ಹೊಸ್ತಿಲು ಚಕ್ರಕ್ಕೆ ತಡೆ. ಗಾಲಿಕುರ್ಚಿಯವರಿಗೆಂದು ಒಂದಕ್ಕೆ ಹನ್ನೆರಡರ ಇಳಿಜಾರಿನಲ್ಲಿ ಕಟ್ಟುವ ರ್‍ಯಾಂಪ್ ಚಕ್ರದ ರೋಬೋಟಿಗೂ ಅನುಕೂಲ. ಒಂದೇ ಖರ್ಚಿನಲ್ಲಿ ಎರಡೂ ಆಗುತ್ತದೆ. ಹಾಗೆಂದು ಹಳೆಯ ಮೆಟ್ಟಿಲುಗಳನ್ನು ಒಡೆಯಬಾರದು. ನಾಲ್ಕು ಕಾಲಿನ ರೋಬೋಟಿಗೆ ಸವೆದು ಏರುಪೇರಾದ ಕಲ್ಲಿನ ಮೆಟ್ಟಿಲಿಗಿಂತ ಒಳ್ಳೆಯ ಪರೀಕ್ಷಾಂಗಣ ಬೇರೆ ಇಲ್ಲ.

ಬೆಳಕಿನ ವಿಷಯದಲ್ಲಿ ಹಳೆಯ ಕಟ್ಟಡಗಳು ಹೆಚ್ಚು ತೊಂದರೆ ಕೊಡುತ್ತವೆ. ಡ್ರಾಯಿಂಗ್ ಹಾಲಿಗೆ ಧಾರಾಳ ಕಿಟಕಿಗಳು. ಚಿತ್ರ ಬರೆಯುವವರಿಗೆ ಅದು ವರ, ರೋಬೋಟಿನ ಕಣ್ಣಿಗೆ ಪೀಡೆ. ರೋಬೋಟಿನ ಚಲನೆಯನ್ನು ಮಿಲಿಮೀಟರಿನ ಮಟ್ಟದಲ್ಲಿ ಅಳೆಯಲು ಅದರ ಮೈಮೇಲೆ ಹೊಳೆಯುವ ಸಣ್ಣ ಗೋಲಿಗಳನ್ನು ಅಂಟಿಸಿ, ಕೋಣೆಯ ಸುತ್ತ ಬಿಗಿದ ಕ್ಯಾಮೆರಾಗಳಿಂದ ಅವಕೆಂಪು ಬೆಳಕು ಬೀರಿ ನೋಡುತ್ತಾರೆ. ಬಿಸಿಲಿನಲ್ಲೂ ಅದೇ ಅವಕೆಂಪು ಕಿರಣ ತುಂಬಿರುವುದರಿಂದ ಸಂಜೆ ಬಿಸಿಲು ಒಳಗೆ ಬಿದ್ದ ಕೂಡಲೆ ಕ್ಯಾಮೆರಾ ಗೋಲಿಗೂ ಗೋಡೆಯ ಹೊಳಪಿಗೂ ವ್ಯತ್ಯಾಸ ಕಾಣದೆ ತಡವರಿಸುತ್ತದೆ. ನಮ್ಮ ಕಟ್ಟಡಗಳ ಹೆಮ್ಮೆಯಾದ ಪಾಲಿಶ್ ಮಾಡಿದ ಮೊಸಾಯಿಕ್ ಮತ್ತು ಗ್ರಾನೈಟ್ ನೆಲ ಈ ತೊಂದರೆಯನ್ನು ಇಮ್ಮಡಿಸುತ್ತದೆ. ಲೇಸರ್ ಅಳತೆಯ ಕಿರಣಗಳೂ ಅದರ ಮೇಲೆ ಜಾರಿ ದಿಕ್ಕು ತಪ್ಪುತ್ತವೆ. ದಪ್ಪ ಪರದೆ ಮತ್ತು ಹೊಳಪಿಲ್ಲದ ರಬ್ಬರ್ ಹಾಸು ಎರಡರಿಂದ ಇದು ಬಹುಮಟ್ಟಿಗೆ ಪರಿಹಾರವಾಗುತ್ತದೆ. ಹಳೆಯ ಚೋಕಿನ ಟ್ಯೂಬ್‌ಲೈಟನ್ನೂ ಬದಲಿಸಬೇಕು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅದು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಮನುಷ್ಯನ ಕಣ್ಣಿಗೆ ತಿಳಿಯದು, ಕ್ಯಾಮೆರಾದ ಚಿತ್ರದಲ್ಲಿ ಕಪ್ಪು ಪಟ್ಟೆಗಳಾಗಿ ಮೂಡುತ್ತದೆ. ಮೊರಾವೆಕ್‌ನ ಗಾಡಿಗೂ ಬೆಳಕು ಕಾಡಿತ್ತು. ಅದನ್ನು ಬಯಲಿನಲ್ಲಿ ಓಡಿಸಿದಾಗ ಒಂದು ಹೆಜ್ಜೆಯ ಲೆಕ್ಕ ಮುಗಿಯುವಷ್ಟರಲ್ಲಿ ನೆರಳು ಸರಿದು, ಮೊದಲು ಕಂಡ ಗುರುತು ಆಮೇಲೆ ಸಿಗದೆ ಗೊಂದಲವಾಗುತ್ತಿತ್ತು.

ವಿದ್ಯುತ್ತಿಗೆ ಸಂಬಂಧಿಸಿದಂತೆ ಹೇಳುವುದು ಹೆಚ್ಚಿಲ್ಲ. ಹಳೆಯ ವೈರಿಂಗನ್ನು ಪೂರ್ತಿ ಕಿತ್ತು ಹೊಸದು ಎಳೆಯುವುದು, ತ್ರೀ-ಫೇಸ್ ಸಂಪರ್ಕ ತರುವುದು, ಅರ್ಥಿಂಗ್ ಹೊಸದಾಗಿ ಹಾಕಿ ಪ್ರತಿವರ್ಷ ಅಳೆಯುವುದು. ವರ್ಕ್‌ಶಾಪಿನಲ್ಲಿ ತ್ರೀ-ಫೇಸ್ ಮೊದಲೇ ಇರುವುದು ಅದರ ಇನ್ನೊಂದು ಅನುಕೂಲ. ಕಂಪ್ರೆಸರ್ ಗದ್ದಲದ್ದು, ಕಟ್ಟಡದ ಹೊರಗಿರಲಿ.

ಸುರಕ್ಷತೆಗೆ ಬೇಕಾದ ಅಂತರವನ್ನು ನಕ್ಷೆ ಬರೆಯುವ ಹಂತದಲ್ಲೇ ಸೇರಿಸಬೇಕು. ಆಮೇಲೆ ಸೇರಿಸಲು ಜಾಗ ಇರುವುದಿಲ್ಲ. ಕೈಗಾರಿಕಾ ರೋಬೋಟ್‌ಗಳಿಗೆ ಐಎಸ್‌ಒ 10218, ಮನುಷ್ಯರ ಪಕ್ಕದಲ್ಲೇ ದುಡಿಯುವಂಥವಕ್ಕೆ 2016ರ ಐಎಸ್‌ಒ 15066 ಮಾರ್ಗದರ್ಶನ ಮಾಡುತ್ತವೆ. ಯಂತ್ರದ ಕಡೆಗೆ ಮನುಷ್ಯ ಸೆಕೆಂಡಿಗೆ 1.6 ಮೀಟರ್ ವೇಗದಲ್ಲಿ ನಡೆದು ಬರುತ್ತಾನೆಂದು ಐಎಸ್‌ಒ 13855 ಹಿಡಿಯುತ್ತದೆ. ಯುಆರ್5 ತೋಳಿನ ಚಾಚು 850 ಮಿಲಿಮೀಟರ್. ಆ ತೋಳು ಚೂಪಾದ ಉಪಕರಣ ಹಿಡಿದಿದೆ, ಮನುಷ್ಯ ಹತ್ತಿರ ಬಂದದ್ದನ್ನು ಗ್ರಹಿಸಿ ಪೂರ್ತಿ ನಿಲ್ಲಲು ಅರ್ಧ ಸೆಕೆಂಡ್ ಹಿಡಿಯುತ್ತದೆ ಎನ್ನೋಣ. ಅಷ್ಟರಲ್ಲಿ ಮನುಷ್ಯ 80 ಸೆಂಟಿಮೀಟರ್ ಮುಂದೆ ಬಂದಿರುತ್ತಾನೆ. ನೆಲಮಟ್ಟದ ಗ್ರಾಹಕದ ಮೇಲಿನಿಂದ ಕೈ ಚಾಚಬಹುದೆಂದು ಇನ್ನೂ 120 ಸೆಂಟಿಮೀಟರ್ ಕೂಡಿಸಿದರೆ ತೋಳಿನ ಬುಡದಿಂದ ಸುತ್ತಲೂ 2.85 ಮೀಟರ್ ಅಂತರದ ಒಳಗೆ ಯಾರೂ ಇರಕೂಡದು. ಒಂದು ತೋಳಿಗೆ ಸುಮಾರು 25 ಚದರ ಮೀಟರ್. ತರಗತಿಯೊಂದರಲ್ಲಿ ಅಂಥ ಮೂರು ಇಟ್ಟರೆ ವಿದ್ಯಾರ್ಥಿ ನಿಲ್ಲಲು ಜಾಗವೇ ಉಳಿಯದು. ಪಾರದರ್ಶಕ ಹಲಗೆಯ ಬೇಲಿ ಕಟ್ಟಿದರೆ ಈ ಅಂತರ ಬಹಳ ಕುಗ್ಗುತ್ತದೆ; ಇಕ್ಕಟ್ಟಾದ ಕೋಣೆಯಲ್ಲಿ ಅದೇ ಮೇಲು. ಹಳದಿ ಹಿನ್ನೆಲೆಯ ಕೆಂಪು ತುರ್ತು ನಿಲುಗಡೆ ಗುಂಡಿ ಬೇಲಿಯ ಒಳಗಿದ್ದರೆ ಉಪಯೋಗವಿಲ್ಲ, ಹೊರಗೆ ಕೈಗೆಟುಕುವಂತಿರಬೇಕು.

ಲಿಥಿಯಂ ಬ್ಯಾಟರಿ ಇನ್ನೊಂದು ಅಪಾಯ. ಹಳೆಯ ಕಟ್ಟಡದ ಮರದ ತೊಲೆ, ಮರದ ಅಟ್ಟ, ಕಾಗದದ ಕಟ್ಟುಗಳ ನಡುವೆ ಅದರ ಬೆಂಕಿ ಹಬ್ಬಿದರೆ ತಡೆಯುವುದು ಕಷ್ಟ, ಏಕೆಂದರೆ ಒಂದು ಕೋಶ ಕಾದು ಸಿಡಿದರೆ ಪಕ್ಕದ್ದೂ ಹಾಗೇ ಕಾದು ಸಿಡಿಯುತ್ತದೆ. ಚಾರ್ಜ್ ಮಾಡುವ ಜಾಗ ಹೊರಗೋಡೆಗೆ ಅಂಟಿಕೊಂಡು, ಗಾಳಿಯಾಡುವಂತೆ, ಲೋಹದ ಕಪಾಟಿನೊಳಗೆ ಇರಬೇಕು. ರಾತ್ರಿ ಯಾರೂ ಇಲ್ಲದಾಗ ಚಾರ್ಜಿಗೆ ಹಾಕಿ ಹೋಗಬಾರದು. ಊದಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು.

ನೂರು ವರ್ಷದ ಆಸುಪಾಸಿನ ಕಟ್ಟಡಗಳಿಗೆ ಬೇರೆಯೇ ಮರ್ಯಾದೆ ಸಲ್ಲಬೇಕು. ಸುಣ್ಣದ ಗಾರೆಯ ಗೋಡೆ, ಮದ್ರಾಸ್ ತಾರಸಿ, ತೇಗದ ತೊಲೆ ಇರುವಲ್ಲಿ ಡ್ರಿಲ್ಲಿಂಗ್ ಯಂತ್ರ ಹಿಡಿದು ಹೋಗಬಾರದು. ಹಳೆಯ ಕಟ್ಟಡ ಕೊಡುವ ಸ್ವಾತಂತ್ರ್ಯ ಪಾರಂಪರಿಕ ಕಟ್ಟಡಕ್ಕೆ ಅನ್ವಯಿಸುವುದಿಲ್ಲ. ಅಲ್ಲಿಗೆ ಮಿಲ್ 19ರ ಕ್ರಮವೇ ಒಗ್ಗುತ್ತದೆ. ಗೋಡೆಗೂ ಚಾವಣಿಗೂ ತಾಗದಂತೆ ಒಳಗೆ ಉಕ್ಕಿನ ಚೌಕಟ್ಟು ನಿಲ್ಲಿಸಿ, ಕ್ಯಾಮೆರಾ, ದೀಪ, ಬಲೆ, ತಂತಿ ಎಲ್ಲವನ್ನೂ ಅದಕ್ಕೇ ತೂಗುಹಾಕಬೇಕು. ಇದರಿಂದ ಇನ್ನೊಂದು ಲಾಭವೂ ಉಂಟು. ಮೇಲಿನ ಮಹಡಿಯಲ್ಲಿ ಜನ ನಡೆದಾಡಿದರೆ ಚಾವಣಿಗೆ ಬಿಗಿದ ಕ್ಯಾಮೆರಾ ಅಲುಗಿ ಅಳತೆ ತಪ್ಪುತ್ತದೆ. ಬೇರೆಯಾಗಿ ನಿಂತ ಚೌಕಟ್ಟಿಗೆ ಆ ತೊಂದರೆ ಕಡಿಮೆ. ಮುಂದೊಂದು ದಿನ ಪ್ರಯೋಗಾಲಯ ತೆರವಾದರೆ ಕಟ್ಟಡ ಇದ್ದಂತೆಯೇ ಉಳಿದಿರುತ್ತದೆ.

ಕಟ್ಟಡ ಸಜ್ಜಾದ ಮೇಲೆ ಅದನ್ನು ನಡೆಸುವವರ ಪ್ರಶ್ನೆ. ಯಂತ್ರ ಕೊಳ್ಳಲು ಅನುದಾನ ಸಿಗುತ್ತದೆ. ಅದನ್ನು ನೋಡಿಕೊಳ್ಳುವ ತಂತ್ರಜ್ಞನ ಸಂಬಳಕ್ಕೆ ಸಿಗುವುದಿಲ್ಲ. ಮೂರು ವರ್ಷದ ಹೊತ್ತಿಗೆ ಧೂಳು ಹೊದ್ದು ನಿಲ್ಲುವ ಯಂತ್ರಗಳ ಹಿಂದೆ ಹೆಚ್ಚಾಗಿ ಇರುವುದು ಇದೇ ಕಾರಣ. ಹಳೆಯ ವರ್ಕ್‌ಶಾಪಿನ ಫೋರ್‌ಮನ್, ಫಿಟ್ಟರ್, ಬಡಗಿಗಳನ್ನು ಜಾಗದ ಜೊತೆಗೇ ಹೊಸ ಪ್ರಯೋಗಾಲಯಕ್ಕೆ ಕರೆದುಕೊಳ್ಳುವುದು ವಿವೇಕದ ಮಾತು. ತೋಳಿನ ಬುಡಕ್ಕೆ ಉಕ್ಕಿನ ಪೀಠ ಕಡೆಯುವುದು, ಮುರಿದ ಗೇರನ್ನು ಸಂಜೆಯೊಳಗೆ ಮಾಡಿಕೊಡುವುದು ಅವರಿಗೆ ಗೊತ್ತು. ಆ ಕೈಗಳನ್ನು ಬಿಟ್ಟು ಯಂತ್ರಗಳನ್ನಷ್ಟೇ ತಂದರೆ ಅರ್ಧ ಪ್ರಯೋಗಾಲಯ ತಂದಂತೆ.

ಒಂದು ಕಾಲೇಜಿಗೆ ಭಾರವಾಗುವುದನ್ನು ಹಲವರು ಹಂಚಿಕೊಳ್ಳಬಹುದು ಎಂಬುದಕ್ಕೆ ಜಾರ್ಜಿಯಾ ಟೆಕ್ ಸಂಸ್ಥೆಯ 'ರೋಬೋಟೇರಿಯಂ' ಮಾದರಿ. ಮ್ಯಾಗ್ನಸ್ ಎಗರ್‌ಸ್ಟೆಟ್ ನೇತೃತ್ವದಲ್ಲಿ 2017ರಲ್ಲಿ ತೆರೆದ ಅದರ ವಿಸ್ತಾರ ಬರೀ 725 ಚದರ ಅಡಿ, ಅಂದರೆ ನಮ್ಮ ಒಂದು ತರಗತಿಯಷ್ಟೇ. ಅಲ್ಲಿನ ಅಂಗಳದ ಮೇಲೆ ಅಂಗೈಯಗಲದ ಚಕ್ರದ ರೋಬೋಟ್‌ಗಳು ಗುಂಪಾಗಿ ಓಡಾಡುತ್ತವೆ. ಜಗತ್ತಿನ ಯಾವ ಮೂಲೆಯಿಂದಲಾದರೂ ವಿದ್ಯಾರ್ಥಿ ತನ್ನ ಪ್ರೋಗ್ರಾಂ ಕಳಿಸಬಹುದು, ಶುಲ್ಕವಿಲ್ಲ. ರೋಬೋಟ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ತಡೆಯುವ ಲೆಕ್ಕ ಮೊದಲೇ ಅಳವಡಿಸಿರುವುದರಿಂದ ತಪ್ಪಿದ ಪ್ರೋಗ್ರಾಮಿನಿಂದ ಯಂತ್ರಕ್ಕೆ ಹಾನಿಯಿಲ್ಲ. ಪ್ರಯೋಗ ಮುಗಿದ ಮೇಲೆ ರೋಬೋಟ್‌ಗಳು ತಾವೇ ಚಾರ್ಜಿನ ಜಾಗಕ್ಕೆ ಮರಳುತ್ತವೆ. ವಿಡಿಯೊ ಮತ್ತು ಅಂಕಿಅಂಶ ಕಳಿಸಿದವರಿಗೆ ಹೋಗುತ್ತದೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಬೆಳಗಾವಿಯ ಕೇಂದ್ರದ ಜೊತೆಗೆ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ಒಂದೊಂದು ಕಡೆಯೂ ಒಂದೊಂದು ಕೋಣೆಯನ್ನು ಹೀಗೆ ಸಜ್ಜುಗೊಳಿಸಿದರೆ ಸುತ್ತಲಿನ ಜಿಲ್ಲೆಗಳ ಕಾಲೇಜುಗಳಿಗೆ ಸಾಕು. ಅದಕ್ಕೆ ಬೇಕಾದದ್ದು ಕಪ್ಪು ಪರದೆಯ ಕಿಟಕಿ, ಹೊಳಪಿಲ್ಲದ ನೆಲಹಾಸು, ಮೇಲೊಂದು ಕ್ಯಾಮೆರಾ, ನಿಲ್ಲದ ವಿದ್ಯುತ್ ಮತ್ತು ಇಂಟರ್ನೆಟ್, ಕಾಲೇಜಿನ ವರ್ಕ್‌ಶಾಪಿನಲ್ಲೇ ಜೋಡಿಸಬಹುದಾದ ಇಪ್ಪತ್ತು ಮೂವತ್ತು ಸಣ್ಣ ರೋಬೋಟ್‌ಗಳು, ಅವನ್ನು ದಿನವೂ ನೋಡಿಕೊಳ್ಳುವ ಒಬ್ಬ ಕಾಯಂ ತಂತ್ರಜ್ಞ.